ಬಾಯಿ ಬಿಡದ್ದು

ಗಲಿಸಿಯಾದ ಅಳಿವೆಯಲ್ಲಿ ನೀರು ಇಳಿದಾಗ
ಅಮ್ಮನ ಗುಂಪು ರಬ್ಬರು ಬೂಟು ಮೆಟ್ಟಿ ಕೆಸರಿಗೆ ಹೊರಡುತ್ತದೆ.
ಕೈಯಲ್ಲಿ ಕುಂಟೆ, ನಡು ಬಗ್ಗಿ, ಮುಖ ಮರಳಿನ ಕಡೆ;
ಮುಖ ಕಾಣದಿದ್ದರೆ ಮಾತು ಸಲೀಸು.
ದೊಸಿಂದಾಳ ಗರ್ಭಕೋಶದ ಗಡ್ಡೆ,
ಬಾಲ್ಬಿನಾಳ ಗಂಡನ ಲಾಟರಿ ಚಟ,
ಯಾರ ಸೊಸೆ ಈಗ ಯಾವ ಕೋಣೆಯಲ್ಲಿ ಮಲಗುತ್ತಾಳೆ,
ಎಲ್ಲ ಆ ಬಕೆಟ್ಟುಗಳಲ್ಲಿ, ಚಿಪ್ಪಿನ ಜೊತೆಗೇ ತೂಕಕ್ಕೆ.

ನನಗೆ ಹನ್ನೆರಡು. ಒಂದು ಬೆಳಿಗ್ಗೆ ಚಡ್ಡಿಯಲ್ಲಿ ಕಲೆ.
ಅಮ್ಮನೊಬ್ಬಳಿಗೇ ಹೇಳಿದ್ದೆ, ಕಿವಿಯಲ್ಲಿ.
ಭರತ ಏರುವ ಹೊತ್ತಿಗೆ ಇಡೀ ದಂಡೆಗೆ ಗೊತ್ತು.
ದೊಸಿಂದಾ ಸುಟ್ಟ ಚೆಸ್ಟ್‌ನಟ್ ಕಾಗದದಲ್ಲಿ ಕಟ್ಟಿಕೊಟ್ಟಳು,
ಕೆನ್ನೆ ಹಿಂಡಿದಳು. ಅದು ಪ್ರೀತಿಯೇ, ಅಲ್ಲವೆನ್ನಲಾರೆ.
ಆದರೂ ಆ ಸಂಜೆ ಬಾಯಿಗೆ ಬೀಗ ಹಾಕಿಕೊಂಡೆ.

ಗಂಡಸರು ಕಟ್ಟೆಯ ಮೇಲೆ ಸಾಲಾಗಿ ಕೂತು
ಬಲೆ ಹೆಣೆಯುತ್ತಾರೆ, ತೂತಿನಿಂದ ತೂತಿಗೆ.
"ಗಾಳಿ ತಿರುಗಿತು."
"ಹೂಂ."
ಅರ್ಧ ಗಂಟೆ.
"ಡೀಸೆಲ್ಲು ಮತ್ತೆ ಏರಿತಂತೆ."
ಅಪ್ಪ ಆ ಹೂಂ ಅನ್ನೂ ಲೆಕ್ಕವಿಟ್ಟು ಖರ್ಚು ಮಾಡುವವನು.

ಹತ್ತೊಂಬತ್ತರಲ್ಲಿ ಅಂಥವನಿಗೇ ಹೇಳಿದೆ,
ಅಷ್ಟಪಾದಿಯ ಪಂಜರ ಎತ್ತುವಾಗ, ದೋಣಿಯಲ್ಲಿ, ಅವನ ಬೆನ್ನಿಗೆ:
ವೀಗೋಗೆ ಹೋದದ್ದು ಗೆಳತಿಯ ಮದುವೆಗಲ್ಲ,
ಆಸ್ಪತ್ರೆಗೆ. ಹೋಗುವಾಗ ಇಬ್ಬರು, ಬರುವಾಗ ಒಬ್ಬಳು.
ಎಂಜಿನ್ ಗೊರಗೊರ ಅನ್ನುತ್ತಲೇ ಇತ್ತು.
ಅಪ್ಪ ತಿರುಗಲಿಲ್ಲ. "ಹಗ್ಗ ಸಡಿಲ ಬಿಡಬೇಡ" ಅಂದ.
ಕೇಳಿಸಿತೋ ಇಲ್ಲವೋ ಎಂದು ರಾತ್ರಿಯಿಡೀ ಹೊರಳಿದೆ.
ಮರುವಾರ ಬೂಟಿನೊಳಗೆ ಕಾಲು ತೂರಿಸಿದರೆ
ಹೊಸ ಉಣ್ಣೆಯ ಕಾಲುಚೀಲ, ಬೆಲೆಚೀಟಿ ಸಮೇತ.

ಹದಿನಾಲ್ಕು ವರ್ಷ ಅವನಿಂದ ಒಂದಕ್ಷರ ಹೊರಬೀಳಲಿಲ್ಲ.
ಅವನದೇ ಎದೆಯ ನೋವೂ ಬೀಳಲಿಲ್ಲ.
ಅದು ಸಿಕ್ಕಿದ್ದು ಮಣ್ಣು ಮಾಡಿದ ಮೂರನೆಯ ದಿನ,
ಗಾಳದ ಡಬ್ಬಿಯಲ್ಲಿ, ಸೀಸದ ಗುಂಡುಗಳ ಕೆಳಗೆ:
ಎರಡು ವರ್ಷದ ಔಷಧಿ ಚೀಟಿ, ಎಂಟಾಗಿ ಮಡಚಿದ್ದು.
ಎಲಾದಿಯೋನನ್ನು ಕೇಳಿದೆ, ನಿನಗೆ ಹೇಳಿದ್ದನೇ?
"ಹೇಳುವುದೇನು? ಭಾರದ ಪಂಜರ ನನ್ನ ಕಡೆ ತಳ್ಳುತ್ತಿದ್ದ.
ಎತ್ತುತ್ತಿದ್ದೆ."

ಅಮ್ಮ ದಂಡೆಯಲ್ಲಿ ನಿಂತು ಬೈದಳು, ಕುಂಟೆ ಕುಕ್ಕಿ:
"ಮೂವತ್ತೆಂಟು ವರ್ಷ ಒಂದೇ ಹಾಸಿಗೆ,
ಎದೆ ಇಷ್ಟು ಹತ್ತಿರ ಇತ್ತಲ್ಲೋ, ಕಳ್ಳ!"
ಹೆಂಗಸರು ಸುತ್ತ ನಿಂತರು. ಆ ವಾರ
ಅವಳ ಪಾಲಿನ ಚಿಪ್ಪನ್ನೂ ಅವರೇ ತೋಡಿದರು.
ಹತ್ತನೆಯ ಇಳಿತಕ್ಕೆ ಅವಳು ಒಂದು ಸಲ ನಕ್ಕಳಂತೆ.
ನಾನು ನಗಲಿಲ್ಲ. ನನ್ನದೊಂದು ಮಾತು ಇಟ್ಟಲ್ಲೇ ಇದೆ,
ಇಟ್ಟುಕೊಂಡವನು ಮಣ್ಣಲ್ಲಿ.

ಇವತ್ತು ಭಾನುವಾರ. ಪಾತ್ರೆಯಲ್ಲಿ ನೀರು ಕುದಿಯುತ್ತಿದೆ,
ಚಿಪ್ಪುಗಳು ಟಕ್ ಟಕ್ ಬಾಯಿ ಬಿಡುತ್ತಿವೆ.
ಬಿಡದೆ ಉಳಿದದ್ದೊಂದನ್ನು ಅಮ್ಮ ಸೌಟಿನಲ್ಲಿ ಎತ್ತಿದಳು:
"ಸತ್ತದ್ದು ಇದು, ತಿನ್ನಬಾರದು, ಬಿಸಾಕು."
ತೆಗೆದುಕೊಂಡೆ. ಬೆರಳು ಸುಟ್ಟಿತು.
ಬಾಗಿಲಾಚೆ ನಿಂತು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

ಒಳಗೆ ಬಂದರೆ ಅಮ್ಮ ಬೆನ್ನು ಹಾಕಿ ಬೆಳ್ಳುಳ್ಳಿ ಹೆಚ್ಚುತ್ತಿದ್ದಳು.
"ಆ ಸಲ ನಿನ್ನ ಕಾಲಿನ ಅಳತೆ ಕೇಳಿದ್ದ ನನ್ನನ್ನು.
ಯಾಕೆಂದು ಹೇಳಲಿಲ್ಲ."
ಚಾಕು ಒಂದು ಗಳಿಗೆ ನಿಂತಿತು.
"ದಂಡೆಯಲ್ಲಿ ಅದೊಂದನ್ನು ನಾನೂ ಯಾರಿಗೂ ಹೇಳಿಲ್ಲ.
ತಟ್ಟೆ ಇಡು. ಆರಿಹೋಗುತ್ತದೆ."