ನಿಲುಕುವಷ್ಟು ದೂರ

ಕ್ಯಾಂಪಿನ ಕ್ಲಬ್ಬಿನಲ್ಲಿ ಅಪ್ಪ ಮಾರ್ಕರ್.
ನಸುಕಿನ ಐದಕ್ಕೆ ಕೆಂಪು ಮಣ್ಣಿಗೆ ನೀರು ಹೊಡೆದು,
ಕಲ್ಲಿನ ರೋಲರು ಎಳೆದು, ಸುಣ್ಣದ ಗೆರೆ ಹಾಕಿ,
ಬಲೆಯ ನಡುವಿನ ಎತ್ತರ ರಾಕೆಟ್ಟಿನಿಂದಲೇ ಅಳೆದು,
ಒಂದು ನಿಲ್ಲಿಸಿ, ಅದರ ತಲೆಯ ಮೇಲೊಂದು ಅಡ್ಡ ಇಟ್ಟು,
ಆರಕ್ಕೆ ಸಾಹೇಬರ ಎದುರು ನಿಲ್ಲುತ್ತಿದ್ದ,
ಸೋಲಲು.

ಸೋಲುವುದು ಸುಲಭವಲ್ಲ.
ಕರ್ನಲ್ ಸಾಹೇಬರ ಮೊಣಕಾಲು ನೋಯುವ ದಿನ
ಚೆಂಡು ಅವರ ಬಲಕ್ಕೆ ಎರಡು ಹೆಜ್ಜೆ,
ನೋಯದ ದಿನ ನಾಲ್ಕು.
ಬ್ಯಾಂಕ್ ಮ್ಯಾನೇಜರರಿಗೆ ಬೆವರಬೇಕು, ಗೆಲ್ಲಲೂ ಬೇಕು.
ಡಾಕ್ಟರ್ ಶಿರಗಾಂವಕರ ಬಾಯಿಯವರಿಗೆ
ಬಿಟ್ಟುಕೊಟ್ಟದ್ದು ತಿಳಿದರೆ ಮರುದಿನ ಬರುವುದೇ ಇಲ್ಲ.
"ನಿಲುಕುವಷ್ಟ ದೂರ ಇಡಬೇಕೋ ಭರಮಾ,
ನಾನ ನಿಲುಕಿಸಿದೆ ಅಂತ ಅವರಿಗೆ ಅನಸಬೇಕು."

ನಾನು ಚೆಂಡು ಹೆಕ್ಕುವ ಹುಡುಗ.
ಬೋಳಾದ ಚೆಂಡು ಮನೆಗೆ ಒಯ್ಯಬಹುದಿತ್ತು.
ಬೆಳಗಾವಿಯ ಮಳೆ, ಜೂನಿಗೆ ಹಿಡಿದರೆ ಗಣಪತಿ ಕೂಡುವ ತನಕ;
ಕೋರ್ಟಿಗೆ ತಾಡಪತ್ರಿ, ಅಪ್ಪನಿಗೆ ಅರ್ಧ ಪಗಾರ.
ಬೇಕರಿಯ ಭಟ್ಟಿಯ ಮೇಲೆ ಚೆಂಡು ಒಣಗಿಸಿ
ಗೋದಾಮಿನ ಗೋಡೆಗೆ ಹೊಡೆದೆ.
ಗೋಡೆ ಯಾರ ಪಗಾರಕ್ಕೂ ಸೋಲುವುದಿಲ್ಲ.

ಆಮೇಲೆ ಹದಿನಾಲ್ಕು ವರ್ಷ.
ತಾಷ್ಕೆಂಟ್, ಲಾಗೋಸ್, ಕೈರೋ,
ಹೆಸರು ನಾಲಿಗೆಗೆ ಹೊರಳದ ಇನ್ನೊಂದು ಊರು;
ಮೂವರಿಗೆ ಒಂದು ಕೋಣೆ, ಹೀಟರಿನ ಮೇಲೆ ಒಗೆದ ಅಂಗಿ,
ಮೊದಲ ಸುತ್ತಿನಲ್ಲೇ ಸೋತವನ ತೆಳು ಲಕೋಟೆ.
ರಾತ್ರಿ ಬೇರೆಯವರ ರಾಕೆಟ್ಟಿಗೆ ತಂತಿ ಕಟ್ಟಿ ಬಸ್ ಚಾರ್ಜು.
ಕಾಂಬಳೆ ಎನ್ನಲು ಬಾರದ ಅಂಪೈರು
ಮಿಸ್ಟರ್ ಕ್ಯಾಂಬೆಲ್ ಎಂದ;
ಕ್ಯಾಂಬೆಲ್ ಆಗಿಯೇ ಎರಡು ಸುತ್ತು ಗೆದ್ದೆ.

ಹತ್ತಿದ್ದು ಮುನ್ನೂರ ಎಂಬತ್ತಾರನೆಯ ಮೆಟ್ಟಿಲು,
ಒಂದು ಸೋಮವಾರದಿಂದ ಮುಂದಿನ ಸೋಮವಾರದ ತನಕ.
"ನಿನಗಿಂತ ಮುಂದ ಅಷ್ಟು ಮಂದಿ ಅದಾರೇನು?"
ಫೋನಿನಲ್ಲಿ ಅಪ್ಪ ಕೇಳಿದ.
ಹಿಂದಿದ್ದವರ ಲೆಕ್ಕ ಹೇಳುವಷ್ಟರಲ್ಲಿ
ನನ್ನ ನಾಣ್ಯ ಮುಗಿದಿತ್ತು.

ಒಂದು ರೋಗ ಮಾತ್ರ ಬಿಡಲಿಲ್ಲ.
ಐದು-ಎರಡು ಮುಂದಿರುವಾಗ, ಎದುರಿನವ
ಮೊಣಕಾಲಿಗೆ ಕೈಯೂರಿ ಉಸಿರೆಳೆವಾಗ
ನನ್ನ ಮಣಿಕಟ್ಟು ತಾನಾಗಿ ಮೆತ್ತಗಾಗಿ
ಚೆಂಡು ಹೋಗಿ ಅವನ ಬಲಕ್ಕೆ,
ಸರಿಯಾಗಿ ಎರಡು ಹೆಜ್ಜೆಗೆ, ಬೀಳುತ್ತಿತ್ತು.
ಒಂದು ಬೇಸಿಗೆ ಪುಕ್ಕಟೆ ಕಲಿಸಿದ ಸ್ಪೇನಿನ ಮುದುಕ
ಟೋಪಿ ನೆಲಕ್ಕೆ ಬಡಿದ:
ಎಲ್ಲಿ ಕಲಿತೆ ಇದನ್ನು?
ಮನೆತನದ ಉದ್ಯೋಗ ಎಂದು
ಯಾವ ಭಾಷೆಯಲ್ಲಿ ಹೇಳಲಿ.

ಮೂವತ್ಮೂರಕ್ಕೆ ಮೊಣಕೈ ಸಾಕೆಂದಿತು.
ಪುಣೆ, ಕೋರ್ಟು ನಂಬರ್ ಏಳು,
ನೋಡುವವರು ಹನ್ನೊಂದು ಜನ, ಅದರಲ್ಲೊಬ್ಬ ಚಹಾದವ.
ಕೈ ಕುಲುಕಿದೆ, ಚೀಲ ಎತ್ತಿಕೊಂಡೆ.
ಫೋನು ಮಾಡಲು ಅಪ್ಪ ಇರಲಿಲ್ಲ.
ಹಿಂದಿನ ಜುಲೈಯಲ್ಲಿ ತಾಡಪತ್ರಿ ಎಳೆಯುತ್ತ ಕೂತವನು
ಏಳಲಿಲ್ಲವಂತೆ. ಕೋರ್ಟು ಮುಚ್ಚಿತ್ತು,
ಪೂರ್ತಿ, ನಾಲ್ಕೂ ಮೂಲೆಗೆ ಇಟ್ಟಿಗೆ.

ಈಗ ಅದೇ ಕ್ಲಬ್ಬು. ಕೋಚ್ ಎಂಬ ಬೋರ್ಡು,
ಪ್ಲಾಸ್ಟಿಕ್ ಕುರ್ಚಿ, ಹಿಂದಿನ ಗೇಟಿನ ಚಾವಿ.
ಫೋರ್ಟ್ ರೋಡಿನಿಂದ ಮಿಸಬಾ ಬರುತ್ತಾಳೆ,
ಒಂಬತ್ತು ವರ್ಷ, ಬಸ್ ಡ್ರೈವರನ ಮಗಳು.
ಅವಳ ಬಲಕ್ಕೆ ಒಂದು ಹೆಜ್ಜೆ, ಒಂದೂವರೆ,
ನಾಳೆ ಎರಡು.
ನನ್ನ ಕೈಯಲ್ಲಿ ಅಪ್ಪನ ಕೈ
ಪಗಾರವಿಲ್ಲದೆ ದುಡಿಯುತ್ತಿದೆ ಅಂದುಕೊಂಡಿದ್ದೆ, ಸಂತೋಷದಿಂದ.

ನಿನ್ನೆ ಅವಳು ನಿಂತುಬಿಟ್ಟಳು.
"ಸರ, ನೀವು ಬೇಕಂತ ಕೊಡಾಕತ್ತೀರಿ."
ಹಣೆಯ ಬೆವರನ್ನು ತೋಳಿಗೆ ಒರೆಸಿ
"ಖರೇ ಹೊಡೀರಿ" ಎಂದಳು.

ಹೊಡೆದೆ. ಮೊಣಕೈ ಚುರುಕ್ ಎಂದಿತು.
ಚೆಂಡು ಗೆರೆಯ ಸುಣ್ಣ ಹಾರಿಸಿ
ಅವಳನ್ನು ದಾಟಿ ಬೇಲಿಗೆ ಬಡಿಯಿತು.
ಅವಳು ತಿರುಗಿ ಗೆರೆಯನ್ನೇ ನೋಡಿದಳು, ಬಹಳ ಹೊತ್ತು.
ಹೋಗಿ ಚೆಂಡು ತಂದಳು.
ನಗಲಿಲ್ಲ.
"ಇನ್ನೊಂದು, ಹಂಗ."