ಎರಡೂ ಕಡೆಯಿಂದ ಕೊರೆದ ತೂತು

ಮನಾಮಾದ ಹಳೇ ಸೂಕಿನಲ್ಲಿ, ಜೆರಾಕ್ಸ್ ಅಂಗಡಿಯ ಮೇಲೆ,
ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಕೋಣೆಯಲ್ಲಿ
ನಾನು ಪೋಣಿಸುವವನು.
ಮುತ್ತು, ಹವಳ, ತಸ್ಬಿಯ ಮಣಿ, ಯಾರದೋ ಕರಿಮಣಿ,
ದಾರ ಹರಿದದ್ದೆಲ್ಲ ಕೊನೆಗೆ ನನ್ನ ತಟ್ಟೆಗೆ ಬರುತ್ತದೆ.

ಲೂಲ್ವಾ ಮೇಡಂ ತಂದದ್ದು ಮುತ್ತಲ್ಲ.
ಲೂಲ್ವಾ ಅಂದರೇ ಮುತ್ತು. ಅವರ ಅಜ್ಜ
ಮೂಗಿಗೆ ಚಿಮಟ ಹಾಕಿ ಸಮುದ್ರದ ತಳಕ್ಕಿಳಿಯುತ್ತಿದ್ದವರು.
ಕರವಸ್ತ್ರ ಬಿಚ್ಚಿದರೆ ಹದಿನೇಳು ಹಸಿರು ಮಣಿ,
ನಡುವೆ ಹೆಬ್ಬೆರಳ ಉಗುರಿನಷ್ಟು ಒಂದು ಮುಖ:
ಇಳಿಬಿದ್ದ ತುಟಿ, ಅರೆಮುಚ್ಚಿದ ಕಣ್ಣು,
ಈಗಷ್ಟೇ ಎಬ್ಬಿಸಿದ ಮಗುವಿನ ಸಿಡುಕು.
"ಮೆಕ್ಸಿಕೋದ ಆಚೆ ಕಾಡಿನದು. ಸಾವಿರದ ಮುನ್ನೂರು ವರ್ಷ.
ಹರಾಜಿನಲ್ಲಿ ಹಿಡಿದೆ. ಗುರುವಾರ ಔತಣ.
ಚಿನ್ನದ ಸರಕ್ಕೆ ಹಾಕು. ಸರ ತೂರದಿದ್ದರೆ
ತೂತು ದೊಡ್ಡದು ಮಾಡು."

ಭೂತಗನ್ನಡಿ ಇಟ್ಟೆ.
ಉಕ್ಕಿನ ಸೂಜಿಯೂ ಗೀರದ ಕಲ್ಲು.
ಕಬ್ಬಿಣ ಕಾಣದ ಕೈ ಇದನ್ನು ಕೊಯ್ದಿದೆ,
ದಾರಕ್ಕೆ ಮರಳು ಮೆತ್ತಿ, ನೀರು ಹನಿಸಿ, ಎಳೆದೆಳೆದು.
ತೂತು ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ,
ಬಾಯಿ ಅಗಲ, ಒಳಗೊಳಗೆ ಕಿರಿದು.
ನಡುವೆ ಕೂಡುವಲ್ಲಿ ಕೂದಲೆಳೆಯಷ್ಟು ತಪ್ಪಿದೆ.
ಒಂದು ಮೆಟ್ಟಿಲು.
ನನ್ನ ಸೂಜಿ ಅಲ್ಲೇ ಎಡವಿತು.
ಅವನೂ ಅಲ್ಲೊಮ್ಮೆ ಕೈಬಿಟ್ಟು ಕೂತಿರಬೇಕು,
ತನ್ನ ಭಾಷೆಯಲ್ಲಿ "ಥತ್" ಅಂದಿರಬೇಕು.

ಮೆಟ್ಟಿಲ ಮೂಲೆಯಲ್ಲಿ ಕೆಂಪು.
ಕುಂಕುಮವಲ್ಲ, ಅರಗಲ್ಲ. ಇಂಗಳೀಕ.
ಅಪ್ಪನ ಕುಲುಮೆಯ ಪಕ್ಕ ಡಬ್ಬಿಯಲ್ಲಿರುತ್ತಿತ್ತು,
ಮುಟ್ಟಿದರೆ ಏಟು.
"ಇದೇನು ಮೇಡಂ?"
ಅವರು ಫೋನಿನಿಂದ ಕಣ್ಣೆತ್ತಲಿಲ್ಲ.
"ಗೋರಿಯದು. ಸತ್ತವರಿಗೆ ಬಳಿಯುತ್ತಿದ್ದರಂತೆ.
ಬಾಯೊಳಗೆ ಒಂದು ಮಣಿಯನ್ನೂ ಇಡುತ್ತಿದ್ದರಂತೆ.
ತೊಳೆದುಬಿಡು."

ಬಾಯೊಳಗೆ.
ಕುಮಟೆಯಲ್ಲಿ, ಮೀನುಪೇಟೆಯ ತಿರುವಿನ ಅಂಗಡಿಯಲ್ಲಿ,
ಹೊತ್ತಲ್ಲದ ಹೊತ್ತಿಗೆ ಯಾರೋ ಬಾಗಿಲು ಬಡಿದರೆ
ಅಪ್ಪ ಏನೂ ಕೇಳುತ್ತಿರಲಿಲ್ಲ.
ತಂತಿಯ ತುದಿಯಿಂದ ನುಚ್ಚಕ್ಕಿಯಷ್ಟು ಚಿನ್ನ ಕತ್ತರಿಸಿ
ತುಳಸಿಯೆಲೆಯಲ್ಲಿ ಮಡಚಿ ಕೊಡುತ್ತಿದ್ದ.
ತೂಗುತ್ತಿರಲಿಲ್ಲ. ಅದೊಂದನ್ನು ತೂಗಬಾರದು.
ಅಪ್ಪನ ಬಾಯಿಗೆ ಕತ್ತರಿಸಿದವರು ಯಾರೋ,
ನನ್ನ ಪಾಸ್‌ಪೋರ್ಟ್ ಆಗ
ಮೊದಲ ಮಾಲೀಕನ ಕಪಾಟಿನಲ್ಲಿತ್ತು.

ಡ್ರಿಲ್ಲಿಗೆ ವಜ್ರದ ಮೊನೆ ಸಿಕ್ಕಿಸಿ ಆಗಿತ್ತು,
ಪೆಡಲಿನ ಮೇಲೆ ಕಾಲಿತ್ತು.
ತೆಗೆದೆ.
"ಒಡೆಯುತ್ತದೆ ಮೇಡಂ" ಅಂದೆ. ಸುಳ್ಳು.
ರೇಷ್ಮೆ ಮೂರೆಳೆ ಹೊಸೆದು, ತುದಿಗೆ ಅಂಟು ಸವರಿ ಒಣಗಿಸಿ,
ಮೆಟ್ಟಿಲ ಹತ್ತಿರ ಬಂದಾಗ ತುಸು ಬಾಗಿಸಿ, ತಿರುವಿ,
ಇನ್ನೊಮ್ಮೆ ತಿರುವಿ—
ತೂರಿತು.
ಮಣಿಗೊಂದು ಗಂಟು, ಮುತ್ತಿಗೆ ಹಾಕುವ ಹಾಗೆ,
ಎಲ್ಲೋ ಹರಿದರೂ ಉಳಿದವು ಚೆಲ್ಲದ ಹಾಗೆ.

ಜಲೀಲಿಕ್ಕ ತಕ್ಕಡಿ ನೋಡಿದರು, ನನ್ನನ್ನು ನೋಡಿದರು.
"ಚಿನ್ನ ಎಲ್ಲಿ ದತ್ತಾರಾಮ? ಗ್ರಾಮೇ ಇಲ್ಲದೆ
ಮಜೂರಿ ಯಾವ ಲೆಕ್ಕಕ್ಕೆ ಬರೆಯಲಿ?"
"ನೂಲಿಗೆ ಬರೆಯಿರಿ."
ಎರಡೂವರೆ ದಿನಾರು ಬರೆದರು.

ಮೇಡಂ ಕನ್ನಡಿಯೆದುರು ಕತ್ತು ತಿರುಗಿಸಿದರು.
ಕಪ್ಪು ಅಬಾಯಾದ ಮೇಲೆ ಆ ಮುಖ ಸಿಡುಕುತ್ತಲೇ ಇತ್ತು.
ಚೆಂದ ಕಾಣುತ್ತಿತ್ತು. ಇದು ಸುಳ್ಳಲ್ಲ.
ತೊಳೆಯಲಿಲ್ಲವೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಎರಡು ಗಂಟೆಗೆ ಡಬ್ಬಿ ಬಿಚ್ಚಿದೆ. ಅನ್ನ, ಬಂಗುಡೆ ಸಾರು.
ಬಲಗೈ ತೋರುಬೆರಳ ಉಗುರಿನಡಿ
ಕೆಂಪು, ಒಂದೇ ಕಣ.
ಸೋಪು ಹಚ್ಚಬಹುದಿತ್ತು.
ಜಲೀಲಿಕ್ಕನ ಚಮಚ ಕೇಳಿ ತಂದು ಉಂಡೆ.