ಎರಡು ಫ್ರೇಮು

ಟೋರ್ಸ್‌ಹಾವ್ನ್. ಜೂನ್, ನಡುರಾತ್ರಿಗೂ ಬೆಳಕು.
ಕಿಟಕಿಗೆ ಕಂಬಳಿ ಹೊಡೆದು
ಕತ್ತಲು ಮಾಡಿಕೊಂಡಿದ್ದಾಳೆ ರನ್ವಾ.

ಟೈಮ್‌ಲೈನಿನಲ್ಲಿ ಎರಡು ಪಟ್ಟಿ,
ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ:
ಎಡದ ಲೆನ್ಸಿನ ಮೇಲೆ ಕಡಲುಪ್ಪು ಒಣಗಿ ಕೂತಿದೆ.
ಒರೆಸಿದಳು, ಬಣ್ಣ ಹೊಂದಿಸಿದಳು,
ಎತ್ತರ ತಗ್ಗು ಸರಿಮಾಡಿದಳು.
ಕನ್ನಡಕ ಹಾಕಿದರೆ ಆದರೂ
ಹುಬ್ಬಿನ ನಡುವೆ ಸೂಜಿ.

ಆಮೇಲೆ ಕಂಡಿತು. ಎಡ, ಎರಡು ಫ್ರೇಮು ಮುಂದೆ.

ಅಂಚೆ ದೋಣಿಯ ಕಡೆಯ ಸರದಿ ಅದು.
ಎಡಗಣ್ಣಿನಲ್ಲಿ ಹಗ್ಗ
ಹಾನುಸನ ಕೈಬಿಟ್ಟಾಗಿದೆ;
ಬಲಗಣ್ಣಿನಲ್ಲಿ ಇನ್ನೂ
ಹಿಡಿದೇ ಇದ್ದಾನೆ.

ಎವೆ ಬಡಿಯುವಷ್ಟೂ ಅಲ್ಲ,
ಗುಂಡಿ ಎರಡು ಸಲ ಒತ್ತಿದರೆ ಮುಗಿಯುವ ತಪ್ಪು.
ಒತ್ತಲಿಲ್ಲ.
ಎಡಗಣ್ಣು ಮುಚ್ಚಿಕೊಂಡು
ಕಾಫಿ ಆರುವವರೆಗೆ ಕೂತಳು.

ನಂತರ ಒತ್ತಿದಳು. ಟಕ್, ಟಕ್.
ಎರಡು ಕಣ್ಣಲ್ಲೂ ಒಮ್ಮೆಗೇ ಹಗ್ಗ ಬಿತ್ತು,
ಆಗಲೇ
ಕಟ್ಟೆಗೂ ದೋಣಿಗೂ ನಡುವೆ
ನೀರಿಗೆ ಆಳ ಬಂತು.
ಮೂತಿ ಮುಂದೆ ಮಾಡಿ ಮಡಿಲಿಗೇ ನುಗ್ಗಿದ ದೋಣಿಯನ್ನು
ಪರದೆಯ ಆಚೆಗೆ ತುಸು ತಳ್ಳಿದಳು.

ಕನ್ನಡಕ ತೆಗೆದಳು.
ಅಲ್ಲಿ ಮತ್ತೆ ಇಬ್ಬರು ಹಾನುಸರು,
ಬೆರಳಗಲದ ಅಂತರದಲ್ಲಿ,
ನಾಲ್ಕೂ ಕೈ ಖಾಲಿ.